ಐದು ಕೂಗು

‘ಗೌಜಲ ಹಕ್ಕಿ: ಇಲ್ಲ’ ಎಂದು ಫಾರಂನಲ್ಲಿ ಬರೆದಾಗ ಮಧ್ಯಾಹ್ನ ಹನ್ನೆರಡೂವರೆ, ಏಪ್ರಿಲ್ ತಿಂಗಳು. ವರವು ಕಾವಲಿನ ಹುಲ್ಲುಗಾಡಿನಲ್ಲಿ ಆ ಹೊತ್ತಿಗೆ ಕಲ್ಲೂ ಬಾಯಿ ಬಿಡುತ್ತದೆ. ಹಕ್ಕಿ ಬಿಡುವುದಿಲ್ಲ.

ಸುದ್ದಿಯನ್ನು ಚಳ್ಳಕೆರೆಗೆ ತಂದವನು ಕುರಿ ಕಾಯುವ ಹನುಮಣ್ಣ. ಎಣ್ಣೆ ಗಿರಣಿಗಳ ಹಿಂದಿನ ಗಲ್ಲಿಯಲ್ಲಿ ಜಿಲಾನ್ ಬಾಷಾ ಪಂಪ್‌ಸೆಟ್ ಮೋಟಾರ್‌ಗಳಿಗೆ ತಂತಿ ಸುತ್ತುವ ಅಂಗಡಿಯಿತ್ತು. ಹನುಮಣ್ಣ ಅದರ ಮುಂದೆ ಕಂಬಳಿ ಕೊಡವಿ ಕೂತ.

“ಬಾಷಾಣ್ಣ, ಕಾವಲಿನಾಗೆ ಸರ್ಕಾರದೋರು ಏನೋ ಕಟ್ತಾರಂತೆ, ಬೇಲಿ ಬರ್ತೈತಂತೆ. ಅದ್ಕೆ ಮುಂಚೆ ಒಳಗೆ ಯಾವ್ಯಾವ ಜೀವ ಐತೆ ಅಂತ ಬರಕಂತಾವ್ರೆ. ಎಣಿಸೋ ಕೆಲಸಕ್ಕೆ ಏಕಾಂತಪ್ಪನ ಮಗ ಮಲ್ಲಿಕ್ ಬಂದಿದ್ದ, ಕೊಳ್ಳಾಗೆ ದುರ್ಬೀನು. ಎರಡು ತಾಸು ತಿರುಗಿ, ಲಾವುಗೆ ಒಂದು, ಗೌಜಲಕ್ಕಿ ಇಲ್ಲ ಅಂತ ಬರದ. ಖಾಲಿ ಜಾಗವಂತೆ!”

“ನೀನು ಹೇಳ್ಬೇಕಿತ್ತಲ್ಲೋ ಲೇ.”

“ಹೇಳ್ದೆ. ಕುರಿ ಕಾಯೋನ ಮಾತಿಗೆ ಫಾರಂನಾಗೆ ಕಾಲಂ ಇಲ್ಲಂತೆ.”

ಜಿಲಾನ್ ಬಾಷಾ ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟ. ತಲೆಯ ಮೇಲೆ ತೂಗುಬಿದ್ದ ಬಿದಿರಿನ ಪಂಜರದಲ್ಲಿ ಶೇರು ಕಾಲು ಕೆದರುತ್ತಿತ್ತು. ಎಂಟು ವರ್ಷದ ಗಂಡು ಗೌಜಲ ಹಕ್ಕಿ, ಅದೇ ಕಾವಲಿನ ಮೊಟ್ಟೆ, ನಾಟಿಕೋಳಿಯ ಕಾವಿನಲ್ಲಿ ಒಡೆದದ್ದು.

ಜಿಲಾನ್ ಬಾಷಾನ ಅಪ್ಪ ಗೌಜಲ ಹಕ್ಕಿ ಹಿಡಿದು ಸಂತೆಯಲ್ಲಿ ಮಾರಿದವನು. ಸಾಕಿದ ಗಂಡನ್ನು ಪಂಜರದ ಸಮೇತ ಕಾರೆಮುಳ್ಳಿನ ಮೆಳೆಯ ಪಕ್ಕ ಇಟ್ಟರೆ ಅದು ಕೂಗುತ್ತದೆ. ತನ್ನ ಜಾಗಕ್ಕೆ ಯಾರೋ ಬಂದರೆಂದು ಅಲ್ಲಿಯ ಗಂಡು ರೋಷದಿಂದ ಓಡಿ ಬಂದು ಸುತ್ತ ಹಾಸಿದ ಉರುಲಿಗೆ ಕಾಲು ಕೊಡುತ್ತದೆ. ಮಗ ಉರುಲು ಬಿಟ್ಟ, ಹಕ್ಕಿಯ ಹುಚ್ಚು ಬಿಡಲಿಲ್ಲ. ವಾರಕ್ಕೊಮ್ಮೆ ಲೂನಾದ ಹಿಂದೆ ಪಂಜರ ಕಟ್ಟಿ ಕಾವಲಿಗೆ ಹೋಗುತ್ತಿದ್ದ. ಹುತ್ತದ ಹೆಂಟೆ ಕಿತ್ತು ಎಸೆದರೆ ಶೇರು ಓಡಿಹೋಗಿ ಗೆದ್ದಲು ಹೆಕ್ಕುತ್ತಿತ್ತು. ತಿಂದು ಮುಗಿಸಿ ನಾಯಿಮರಿಯಂತೆ ಅವನ ಹಿಮ್ಮಡಿ ಹಿಡಿದು ಬರುತ್ತಿತ್ತು.

ಕಾವಲಿಗೆ ಬರಲು ಮಲ್ಲಿಕನಿಗೆ ಹೇಳಿಕಳಿಸಿ ಅವನು ಪಂಜರಕ್ಕೆ ಬಟ್ಟೆ ಸುತ್ತುವುದನ್ನು ಕಂಡು ಹೆಂಡತಿ ಗುಲ್ಷನ್ ಬೀ ಬಾಗಿಲಿಗೆ ಅಡ್ಡ ನಿಂತಳು. “ನಕ್ಕೊ ಜೀ, ಬ್ಯಾಡ. ಹಕ್ಕಿ ಸಾಕೋದೇ ತಪ್ಪು ಅಂತಾರೆ. ಹುಲಿ ಬಾಯಾಗೆ ಕೈಯಿಟ್ಟು ಹಲ್ಲು ಎಣಿಸ್ತೀರಾ?”

“ಅಲ್ಲಿ ಹಕ್ಕಿ ಇಲ್ಲ ಅಂತ ಬರದವ್ರೆ, ಗುಲ್ಷನ್.”

“ಬರೀಲಿ. ಮೂವತ್ತು ವರ್ಷದಿಂದ ಈ ಮನ್ಯಾಗೆ ನಾನೂ ಇಲ್ಲ ಅನ್ನೋ ಹಂಗೇ ಇದ್ದೀನಿ, ಬದುಕಿಲ್ವಾ?” ಎಂದಳು. ಆದರೂ ದಾರಿ ಬಿಟ್ಟಳು.

ಶುಕ್ರವಾರ ಬೆಳಕು ಹರಿಯುವ ಮುಂಚೆ ಮಲ್ಲಿಕ್ ಕಾವಲಿಗೆ ಬಂದ. ಅಪ್ಪನ ಕೊಳವೆಬಾವಿಯ ಮೋಟಾರ್ ಸುಟ್ಟಾಗಲೆಲ್ಲ ಕೈಹಿಡಿದ ಜಿಲಾನ್ ಬಾಷಾನೇ ಕರೆದಿದ್ದಾನೆ, ಇಲ್ಲವೆನ್ನಲು ಬಾಯಿ ಬರಲಿಲ್ಲ.

“ಬಾಷಾಣ್ಣ, ಕೇಳಿದ್ದು ಲೆಕ್ಕಕ್ಕಿಲ್ಲ. ಕಣ್ಣಿಗೆ ಕಂಡದ್ದಷ್ಟೇ ಬರೀಬೇಕು.”

“ಅದು ಕಾಣಿಸ್ಕಳ್ಳೋ ಹಕ್ಕಿ ಅಲ್ಲಪ್ಪ. ಲಾವುಗೆ ಮುಷ್ಟಿಯಷ್ಟಿರ್ತೈತೆ, ಕಾಲ ಬುಡದಾಗೆ ಬುರ್ ಅಂತ ಎದ್ಬಿಡ್ತೈತೆ. ಇದು ಕೋಳಿಮರಿಗಿಂತ ದೊಡ್ಡದು, ಏಳಲ್ಲ, ಓಡ್ತೈತೆ. ಓಡಿ ಮೆಳೆ ಸೇರ್ತೈತೆ. ನೋಡಿಲ್ಲಿ.” ಪಂಜರದ ಬಟ್ಟೆ ಸರಿಸಿದ. “ಗಂಟಲು ಹಳದಿ, ಸುತ್ತ ಕಪ್ಪು ದಾರ ಕಟ್ಟಿದಂಗೆ ಗೆರೆ. ಮೈತುಂಬ ನೇಯ್ದಂಗೆ ಪಟ್ಟೆ. ಕೆಂಪು ಕಾಲು. ಈಗ ಕೂತ್ಕೊ, ಕೆಮ್ಮಬ್ಯಾಡ.”

ಶೇರು ಕತ್ತು ಎತ್ತಿ ಕೂಗಿತು. ಸಾಣೆಕಲ್ಲಿಗೆ ಕಬ್ಬಿಣ ಕೊಟ್ಟಂಥ ದನಿ. ಸ್ವಲ್ಪ ಹೊತ್ತು ಗಾಳಿಯೊಂದೇ. ಆಮೇಲೆ ಮೂಡಲ ಕಡೆಯ ಮೆಳೆಯಿಂದ ಒಂದು ಉತ್ತರ. ಹುತ್ತದ ಹಿಂದಿನಿಂದ ಇನ್ನೊಂದು. ಹಳ್ಳದ ದಂಡೆಯಿಂದ ಮೂರನೆಯದು. ಅದರಾಚೆಯಿಂದ ಇನ್ನೆರಡು. ಒಣಗಿದ ಹುಲ್ಲು ಸೀಳಿಕೊಂಡು ಗಂಡುಗಳು ಓಡಿ ಬಂದವು, ಒಂದು ಹುತ್ತದ ನೆತ್ತಿಗೇ ಹತ್ತಿ ಎದೆ ಉಬ್ಬಿಸಿ ನಿಂತಿತು. ಐದು. ಒಂದು ಹುಲ್ಲಿನಲ್ಲಿ ಮರೆಯಾದಾಗ ಮಲ್ಲಿಕ್ ಇನ್ನೊಂದರತ್ತ ದುರ್ಬೀನು ತಿರುಗಿಸುತ್ತಿದ್ದ.

“ಒಂದೇ ಹಕ್ಕಿ ಜಾಗ ಬದಲಾಯಿಸಿ ಕೂಗಿದ್ದಲ್ಲ ತಾನೆ?”

“ಒಂದು ಮೆಳೆ, ಒಂದು ಹುತ್ತ, ನಾಕು ಮಾರು ಹುಲ್ಲು. ಅಷ್ಟೇ ಅದರ ತಾಲ್ಲೂಕು. ಅದನ್ನ ಬಿಟ್ಟು ಹೋಗಲ್ಲ. ಒಂದು ಕೂಗು ಅಂದ್ರೆ ಒಂದು ಸಂಸಾರ.”

ಮಲ್ಲಿಕ್ ‘ಇಲ್ಲ’ ಎಂಬುದನ್ನು ಹೊಡೆದುಹಾಕಿದ. ಆಮೇಲೆ ಪೆನ್ನು ನಿಂತಿತು.

“ಹೆಂಗೆ ಕಂಡೆ ಅಂತ ಬರೀಬೇಕು ಬಾಷಾಣ್ಣ. ಪಂಜರದ ಹಕ್ಕಿ ಕೂಗಿಸಿ ಅಂದ್ರೆ ಹಕ್ಕೀನೂ ಹೋಗ್ತೈತೆ, ನಿಮ್ಮ ಮೇಲೆ ಕೇಸೂ ಬೀಳ್ತೈತೆ. ಬರೀದಿದ್ರೆ ಹಳೇ ‘ಇಲ್ಲ’ನೇ ಗತಿ. ನೀವೇ ಹೇಳ್ರಿ.”

ಎಂಥ ನ್ಯಾಯ ನೋಡಿ. ಈ ನೆಲವನ್ನು ಬಗ್ಗಿ ನೋಡಿದವನು ಕಳ್ಳ, ನಿಂತಲ್ಲಿಂದಲೇ ಖಾಲಿ ಎಂದವನು ಸಾಕ್ಷಿ. ಜಿಲಾನ್ ಬಾಷಾ ಶೇರುವನ್ನು ನೋಡಿದ. ಅಪ್ಪ ಈ ಮೆಳೆಗಳಿಂದ ಹೊತ್ತೊಯ್ದ ಗೋಣಿಚೀಲಗಳು ನೆನಪಾದವು. ಹಕ್ಕಿಗಳ ಕತ್ತು ತಿರುವುವಾಗ ಕಾಲು ಹಿಡಿದುಕೊಂಡಿರುತ್ತಿದ್ದುದು ತಾನೇ.

“ಕೊಡಿಲ್ಲಿ” ಎಂದು ಪೆನ್ನು ಇಸಿದುಕೊಂಡು ಕನ್ನಡದಲ್ಲಿ, ಒತ್ತಿ, ಪಂಜರದ ಹಕ್ಕಿಯ ಸಂಗತಿಯನ್ನೂ ಕೆಳಗೆ ತನ್ನ ಪೂರ್ತಿ ಹೆಸರನ್ನೂ ಬರೆದ.

ಇಪ್ಪತ್ತು ದಿನಕ್ಕೆ ಅರಣ್ಯ ಇಲಾಖೆಯ ಜೀಪು ಬಂತು. ಪಂಜರ ಇಳಿಸಿ, ಕೇಸು ಬರೆದುಕೊಂಡು ಹೋದರು. ಅದೇ ಸಂಜೆ ಮಲ್ಲಿಕ್ ಬಂದು ಅಂಗಡಿಯ ಹೊರಗೇ ನಿಂತ.

“ಐದು ಜೋಡಿ ಅಂತಲೇ ಕಳಿಸಿದೆ. ಮೇಲಿನೋರು ಪಕ್ಕದಾಗೆ ಒಂದು ಸಾಲು ಸೇರಿಸವ್ರೆ. ‘ಸಾಮಾನ್ಯ ಹಕ್ಕಿ, ಬೇರೆಡೆಗೆ ಹೋಗಬಲ್ಲದು, ಕೆಲಸಕ್ಕೆ ಅಡ್ಡಿಯಿಲ್ಲ.’”

“ಎಲ್ಲಿಗೆ ಹೋಗ್ತೈತಂತೆ?”

“ಅದಕ್ಕೂ ಕಾಲಂ ಇಲ್ಲ.”

ಹಿಡಿದ ಹಕ್ಕಿಯನ್ನು ಅದರ ಸಹಜ ನೆಲದಲ್ಲಿ ಬಿಡಬೇಕೆಂದು ಆದೇಶವಾಯಿತು. ಬಿಟ್ಟದ್ದಕ್ಕೆ ಆರೋಪಿಯ ರುಜು ಬೇಕೆಂದು ಜಿಲಾನ್ ಬಾಷಾನನ್ನೂ ಕರೆದೊಯ್ದರು. ಕಾವಲಿನಲ್ಲಿ ಬೇಲಿಕಂಬದ ಗುಂಡಿಗಳು ಸಾಲುಹಿಡಿದಿದ್ದವು. ಮೂಡಲ ಕಡೆಯ ಕಾರೆಮೆಳೆ ಬೇರು ಮೇಲಾಗಿ ಬಿದ್ದಿತ್ತು. ಹನುಮಣ್ಣ ಕುರಿ ಹೊಡೆದುಕೊಂಡು ಗುಂಡಿಗಳ ಈಚೆಗೇ ನಿಂತಿದ್ದ.

ಪಂಜರದ ಬಾಗಿಲು ತೆಗೆದರು. ಶೇರು ಹೊರಬಂದು ಒಮ್ಮೆ ಮೈ ಕೊಡವಿತು. ನೇರ ಬಂದು ಜಿಲಾನ್ ಬಾಷಾನ ಪಾದದ ಬಳಿ ನಿಂತಿತು.

“ದೂರ ಹೋಗ್ರಿ ಸಾಬ್ರೇ, ಹಾರಿಹೋಗ್ತೈತೆ” ಎಂದ ಇಲಾಖೆಯ ಸಾಹೇಬ.

ಜಿಲಾನ್ ಬಾಷಾ ದೂರ ಹೋದ. ಅದು ಹಿಂದೆಯೇ ಓಡಿತು. ಅವನು ಜೀಪಿನ ಮರೆಗೆ ಸರಿದಾಗ ಅದು ಗುಂಡಿ ತೋಡುವವನೊಬ್ಬನ ಕಾಲಿಗೆ ಹೋಗಿ ನಿಂತಿತು. ಅವನು ನಕ್ಕ. “ಲೇ, ಸಾರಿನ ಗಡಿಗೆಗೆ ತಾನಾಗೇ ನಡಕೊಂಡು ಬಂದೈತಲ್ಲೋ!”

ಜಿಲಾನ್ ಬಾಷಾ ಮುಂದೆ ಬಂದು, ಒಂದು ಹೆಂಟೆ ಎತ್ತಿ ಶೇರುವಿನ ಮೇಲೆ ಬೀಸಿದ. ಅದು ಪಕ್ಕಕ್ಕೆ ಬಿದ್ದು ಒಡೆಯಿತು. ಶೇರು ಸಡಗರದಿಂದ ಓಡಿಹೋಗಿ ಪುಡಿಯಲ್ಲಿ ಗೆದ್ದಲು ಹುಡುಕತೊಡಗಿತು. ಸಿಗದೆ, ತಲೆ ಓರೆ ಮಾಡಿ ಅವನತ್ತ ನೋಡಿತು.

“ಬಾಷಾಣ್ಣ, ಬ್ಯಾಡ ಕಣಣ್ಣ” ಎಂದು ಹನುಮಣ್ಣ ಈಚೆಯಿಂದ ಕೂಗಿದ.

ಎರಡನೆಯ ಸಲ ಜಿಲಾನ್ ಬಾಷಾ ಕಲ್ಲನ್ನೇ ಹುಡುಕಿದ. ಗುರಿ ತಪ್ಪಲಿಲ್ಲ. ಶೇರು ಮಗುಚಿ ಬಿದ್ದು, ಎದ್ದು, ಕುಂಟುತ್ತ, ಜನ್ಮದಲ್ಲಿ ಮೊದಲ ಸಲ ಅವನಿಂದ ದೂರಕ್ಕೆ ಓಡಿ ಹಳ್ಳದ ಮೆಳೆಯೊಳಗೆ ನುಗ್ಗಿತು.

ಸಾಹೇಬ ಕಾಗದ ಚಾಚಿದ. ಜಿಲಾನ್ ಬಾಷಾ ಪೆನ್ನು ಇಸಿದುಕೊಂಡ. ಅಷ್ಟರಲ್ಲಿ ಆ ಮೆಳೆಯಿಂದ ಒಂದು ಗಂಡು ಗಂಟಲು ಹರಿಯುವಂತೆ ಕೂಗಿತು. ಅದು ಶೇರುವಿನ ದನಿಯಲ್ಲ. ಯಾರೋ ತನ್ನ ಜಾಗಕ್ಕೆ ಬಂದಿದ್ದಾರೆಂದು ಅಲ್ಲಿಯ ಹಕ್ಕಿಗೆ ಗೊತ್ತಾಗಿತ್ತು.