ಹೊನ್ನಾಳಿಗೆ ಹೊಂದದ ಪ್ರೋಗ್ರಾಮು

"ಬರೆದ ಪ್ರೋಗ್ರಾಮು ಬಚ್ಚಿಡೋನಲ್ಲ ನಾನು. ಒಳಗಿನ ಸಾಲು ಸಾಲೂ ಪುಕ್ಕಟೆ ಕೊಡ್ತೀನಿ. ಯಾವ ಕಂಪನಿ ಮಷೀನಿಗೆ ಹಾಕಿದ್ರೂ ಓಡ್ತೈತೆ, ಇದು ನನ್ನ ಮಾತು ಕಲ್ಲಮ್ನೋರೆ," ಎಂದು ಪಂಚಾಕ್ಷರಪ್ಪ ೧೯೮೫ರಲ್ಲಿ ಹೇಳಿದ್ದ. ಚನ್ನಗಿರಿಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು. ಸುತ್ತಮುತ್ತ ಬೇರೆ ಯಾರೂ ಇಲ್ಲದ್ದರಿಂದ ಅವನೇ ಪಂಡಿತ.

ಕಲ್ಲಮ್ಮ ಅವನ ಬಳಿಯೇ ಒಂದಿಷ್ಟು ಕಲಿತವಳು, ಹೊನ್ನಾಳಿಯ ನೀರಾವರಿ ಸಂಘದ ಗುಮಾಸ್ತೆ. ನಾಲೆ ನೀರು ಯಾರ ಗದ್ದೆಗೆ ಯಾವ ದಿನ ಎಂಬ ಸರದಿ ಪಟ್ಟಿ ಅವಳ ಕೆಲಸ. ಕೈಬರಹದ ಪಟ್ಟಿಯನ್ನು ಮೇಲ್ಗದ್ದೆಯವರು ತಿದ್ದಿಸಿಕೊಳ್ಳುತ್ತಿದ್ದುದು ಊರಿಗೇ ಗೊತ್ತು. ೧೯೮೯ರಲ್ಲಿ ಸಂಘಕ್ಕೆ ಮಷೀನು ಬಂದಾಗ, "ಈ ಸಲ ಮಷೀನೇ ಬರೀತೈತೆ" ಎಂದು ನಾಲೆಯ ಕೊನೆಯವರಿಗೆ ಅವಳು ಹೇಳಿಬಿಟ್ಟಳು. ಸೋಮವಾರ ಬೆಳಿಗ್ಗೆ ಆರಕ್ಕೆ ತೂಬಿನ ಹಲಗೆಯ ಮೇಲೆ ಪಟ್ಟಿ ಇರಬೇಕು. ಇಲ್ಲವಾದರೆ ನೀರುಗಂಟಿ ಹಳೇ ಪದ್ಧತಿಯಂತೆ ಮೇಲಿನಿಂದ ಬಿಡುತ್ತಾನೆ, ಕೊನೆಯವರಿಗೆ ಹನಿಯೂ ಇಲ್ಲ.

ಶುಕ್ರವಾರ ಮೇಷ್ಟ್ರು ಕೊಟ್ಟಿದ್ದ ಸರದಿ ಪ್ರೋಗ್ರಾಮಿನ ಫ್ಲಾಪಿ ಹಾಕಿದಳು. ಮಷೀನು ಇನ್ನೂರ ಹನ್ನೆರಡು ತಪ್ಪು ತೋರಿಸಿತು.

ಮೇಷ್ಟ್ರು ಪ್ರೋಗ್ರಾಮು ಬರೆದಿದ್ದ ಪ್ಯಾಸ್ಕಲ್ ಭಾಷೆಗೆ ಎಲ್ಲರೂ ಒಪ್ಪಿದ ಒಂದು ಸ್ಟ್ಯಾಂಡರ್ಡ್ ಇತ್ತು. ಬರೆದದ್ದನ್ನು ಮಷೀನಿಗೆ ತಿಳಿಯುವಂತೆ ಮಾಡುವ ಕಂಪೈಲರ್ ಮಾರುವವರು ಅದರ ಮೇಲೆ ತಮ್ಮವೇ ಪದ ಸೇರಿಸಿ ರುಚಿ ಹತ್ತಿಸುತ್ತಿದ್ದರು. ಮೇಷ್ಟ್ರಿಗೆ ಚೆನ್ನಾಗಿಯೇ ಹತ್ತಿತ್ತು. ಹೊನ್ನಾಳಿಯ ಕಂಪೈಲರ್‌ಗೆ ಸ್ಟ್ಯಾಂಡರ್ಡ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಶನಿವಾರ ಅವನೇ ಬಂದ.

"ಸ್ಟ್ಯಾಂಡರ್ಡಾ? ಪುಸ್ತಕದ ಬದನೆಕಾಯಿ ಕಣ್ರೀ ಅದು. ನಿಮ್ದು ದರಿದ್ರ ಕಂಪೈಲರ್, ನಂದೇ ತರಿಸ್ರಿ."

ಕೊನೆ ಗದ್ದೆಯ ಮರುಳಪ್ಪ ಬಾಗಿಲಲ್ಲೇ ಕೂತಿದ್ದ. "ನಿಮ್ಮನೆ ಬೀಗದ ಕೈ ತಂದು ಊರ ಬೀಗನೇ ಸರಿ ಇಲ್ಲ ಅಂತೀರಲ್ಲ ಸಾಮಿ!"

"ನಿಂಗೇನು ತಿಳಿತೈತೋ? ನಮ್ಮಲ್ಲಿ ಪರದೆ ಮ್ಯಾಲೆ ನೀರು ಅಲೆ ಅಲೆಯಾಗಿ ಹರೀತೈತೆ!"

"ಗದ್ದೆಗೆ ಹರೀಲಿ ಸರ್," ಎಂದಳು ಕಲ್ಲಮ್ಮ. "ಜಗಳೂರಿಗೂ ಇದನ್ನೇ ಕೊಟ್ಟಿದ್ರಲ್ಲ, ಓಡ್ತಾ?"

"ಅವ್ರಿಗೆ ನಡೆಸಾಕೆ ಬರಲ್ಲ." ಗಡಿಯಾರ ನೋಡಿಕೊಂಡ. ಊರೂರಿಗೂ ಪುಕ್ಕಟೆ ಪ್ರೋಗ್ರಾಮು ಹಂಚಿದ್ದಕ್ಕೆ ನ್ಯಾಮತಿಯಲ್ಲಿ ಅವನಿಗೆ ಶಾಲು ಹೊದಿಸುವುದಿತ್ತು. ಮೂರರ ಬಸ್ಸಿಗೆ ಹೋದ.

ಭಾನುವಾರ ಕಲ್ಲಮ್ಮ ಮಷೀನಿನ ಜೊತೆ ಬಂದಿದ್ದ ಸ್ಟ್ಯಾಂಡರ್ಡಿನ ಪುಸ್ತಕ ತೆರೆದು ಕೂತಳು. ಪರದೆಯ ಅಲೆಗಳನ್ನು ಕಿತ್ತೆಸೆದಳು: ಮುನ್ನೂರು ಸಾಲು. ನಿಜವಾದ ಸರದಿ ಲೆಕ್ಕ ನಲವತ್ತೇ ಸಾಲಿನದು. ಆದರೆ ರೈತರ ಹೆಸರುಗಳನ್ನು ಹಿಡಿದಿಡುವ ಪದವೂ ಕಂಪನಿ ಸೇರಿಸಿದ್ದೇ, ಸ್ಟ್ಯಾಂಡರ್ಡಿನಲ್ಲಿ ಇಲ್ಲ. ಅದರ ಬದಲಿಗೆ ನೂರ ಅರವತ್ತು ಹೆಸರನ್ನೂ ಒಂದೇ ಅಳತೆಗೆ, ಅಕ್ಷರ ಎಣಿಸಿ, ಖಾಲಿ ಜಾಗ ತುಂಬಿಸಿ ಕೂರಿಸಬೇಕು. ತೊಂಬತ್ತು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ಸೋಮವಾರ ಬೆಳಿಗ್ಗೆ ಐದಕ್ಕೆ.

ಏಳೂವರೆಗೆ ಪಟ್ಟಿ ಹೊರಬಂತು, ಒಂದೂ ತಪ್ಪಿಲ್ಲದೆ. ಮರುಳಪ್ಪನ ಸೈಕಲ್ ಹಿಂದೆ ಕೂತು ತೂಬಿಗೆ ಹೋದಳು. ನೀರುಗಂಟಿ ಸಣ್ಣತಿಮ್ಮಪ್ಪ ಆರಕ್ಕೇ ನೀರು ಬಿಟ್ಟಿದ್ದ, ಮೇಲಿನಿಂದ.

"ಪಟ್ಟಿ ಲಕ್ಷಣವಾಗೈತೆ ಕಣಮ್ಮ," ಎಂದ. "ಮುಂದಿನ ಸರದಿಗೆ ಅಂಟಿಸ್ರಿ."

ಮರುಳಪ್ಪ ಸೈಕಲ್ ತಿರುಗಿಸಿದ.

ಪಂಚಾಕ್ಷರಪ್ಪ ಕೊಟ್ಟ ಮಾತು ನಡೆಯಲಿಲ್ಲ.