ಮರಿ ಕೊಡುವ ಮೊದಲು ಮನೆ ನೋಡಬೇಕಂತೆ

ನಾಯಿಮರಿ ಮಾರುವವನು ನಮ್ಮ ಮನೆ ನೋಡಲು ಬರುತ್ತಾನಂತೆ! ನಮ್ಮ ಯಜಮಾನರು ಫೋನಿಟ್ಟು ಈ ಮಾತು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಾವೇನು ಕಳ್ಳರೇ, ಸುಳ್ಳರೇ? ನಮ್ಮ ಮಾವನವರ ಕಾಲದಿಂದ ಸುಲೇಪೇಟದ ಬಜಾರದಲ್ಲಿ ಕಿರಾಣಿ ಅಂಗಡಿ ನಡೆಸಿಕೊಂಡು ಬಂದವರು. ಒಬ್ಬರ ಬಾಯಲ್ಲಿ ಒಂದು ಮಾತು ಬಂದಿಲ್ಲ. ಈಗ ಒಂದು ನಾಯಿಗೆ ನಮ್ಮ ಮನೆ ಪಸಂದಾಗಬೇಕಂತೆ.

"ಹೆಣ್ಣು ಕೊಡೋರು ಮನಿ ನೋಡ್ತಾರ. ನಾಯಿ ಕೊಡೋರೂ ನೋಡ್ತಾರೇನ್ರಿ?" ಎಂದೆ.

"ಆ ಶಹಾಬಾದದ ಅಣವೀರಂದು ಹಂಗೇ ಅಂತ. ಮನಿ ನೋಡದೇ ಮರಿ ಕೊಡಂಗಿಲ್ಲಂತ," ಎಂದರು ಯಜಮಾನರು. ಅವರಿಗೂ ಸಿಟ್ಟು ಬಂದಿತ್ತು. ಆದರೆ ಅಣವೀರ ಮೊಬೈಲಿಗೆ ಕಳಿಸಿದ್ದ ಮರಿಯ ಫೋಟೊ ನೋಡಿ ನೋಡಿ ಆಗಲೇ ಕರಗಿಹೋಗಿದ್ದರು.

ನಾಯಿಯ ಹುಚ್ಚು ಅವರದೇ. ನಮ್ಮ ಒಬ್ಬಳೇ ಮಗಳು ಶೈಲಶ್ರೀಯ ಲಗ್ನ ಸೇಡಮಿನ ಒಂದು ಮನೆತನದ ಹುಡುಗನೊಂದಿಗೆ ನಿಶ್ಚಯವಾಗಿದೆ. "ಹುಡುಗಿ ಹೋದ ಮ್ಯಾಲ ಮನಿ ಭಣಭಣ ಅಂತದ, ಒಂದು ನಾಯಿಮರಿನಾರ ಇರ್ಲಿ," ಎಂದು ಇವರೇ ಶುರು ಮಾಡಿದ್ದು. ಶುರು ಮಾಡಿದ ಮೇಲೆ ಕೇಳಬೇಕೇ? ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಗೂಡು ಮಾಡಿಸಿ, ಹಸಿರು ಬಣ್ಣ ಹೊಡೆಸಿ, ಮಾಳಿಗೆಯ ಮೇಲೆ ಇಡಿಸಿದರು. ಸರಪಳಿ ಬಂತು. ಗೆಜ್ಜೆ ಕಟ್ಟಿದ ಕೊರಳಪಟ್ಟಿ ಬಂತು. ಮಗಳ ಲಗ್ನದ ಸೀರೆ ತರೋಣ ಬರ್ರಿ ಅಂದರೆ ಅಂಗಡಿ ಬಿಟ್ಟು ಏಳದ ಮನುಷ್ಯ, ನಾಯಿಯ ಬಟ್ಟಲು ಆರಿಸಲಿಕ್ಕೆ ಚಿಂಚೋಳಿವರೆಗೆ ಹೋಗಿಬಂದರು.

ಆದಿತ್ಯವಾರ ಮಧ್ಯಾಹ್ನ ಅಣವೀರ ಬೈಕಿನ ಮೇಲೆ ಬಂದ. ಮೂವತ್ತರ ಆಸುಪಾಸಿನವನು, ಸಣ್ಣ ದನಿ, ಮೈತುಂಬ ಧೂಳು. "ಬರ್ರಿ, ಕುಂದ್ರಿ," ಎಂದೆ. ಮನೆಗೆ ಬಂದವರಿಗೆ ಅನ್ನಲೇಬೇಕಲ್ಲ. ಕೂರಲಿಲ್ಲ ಪುಣ್ಯಾತ್ಮ. ನಾನು ಕೊಟ್ಟ ಚಹಾ ಕಿಟಕಿಯಲ್ಲಿಟ್ಟು, ಪಡಸಾಲೆಯ ನೆಲಕ್ಕೆ ಹಾಸಿದ ಪರ್ಸಿ ಕಲ್ಲಿನ ಮೇಲೆ ಬರಿಗಾಲು ಉಜ್ಜಿ ನೋಡಿದ.

"ಭಾಳ ನುಣುಪದ ರೀ ಅಕ್ಕಾರ. ಮರಿದು ಕಾಲು ಜಾರ್ತಾವ. ಗೋಣಿಚೀಲಾರ ಹಾಸ್ರಿ."

ಒರೆಸಿ ಒರೆಸಿ ಮುಖ ಕಾಣುವಂತೆ ಇಟ್ಟುಕೊಂಡ ಪರ್ಸಿ ಅದು. ಬಂದ ನೆಂಟರೆಲ್ಲ ಹೊಗಳಿ ಹೋದ ಪರ್ಸಿ. ಅದರ ಮೇಲೆ ಗೋಣಿಚೀಲ!

ಆಮೇಲೆ ಮಾಳಿಗೆ ಹತ್ತಿದ. ನಾವೂ ಹಿಂದೆ ಹತ್ತಿದೆವು. ತಗಡಿನ ಗೂಡಿನ ಮೇಲೆ ಅಂಗೈ ಇಟ್ಟವನು ಚಟ್ಟನೆ ತೆಗೆದ.

"ಸಾವಕಾರ್ರ, ನೀವೇ ಕೈ ಇಟ್ಟು ನೋಡ್ರಿ. ಈ ಬಿಸಲಾಗ ಇದರೊಳಗ ಮರಿ ಬದುಕ್ತದೇನು?"

"ಮತ್ತ ಎಲ್ಲಿ ಇಡಬೇಕು? ನಮ್ಮ ಹಾಸಿಗಿ ಮ್ಯಾಲ?" ಯಜಮಾನರ ದನಿ ಏರಿತು.

"ಹಾಸಿಗಿ ಮ್ಯಾಲ ಬ್ಯಾಡ್ರಿ, ಬಾಜೂಕ ಸಾಕು. ತಾಯೀನ್ನ ಬಿಟ್ಟು ಬಂದಿರ್ತದ, ರಾತ್ರಿ ಅಳ್ತದ. ಯಾರು ಏಳ್ತೀರಿ?"

ಇವರು ನನ್ನ ಕಡೆ ಬೆರಳು ತೋರಿಸಿದರು, ನಾನು ಇವರ ಕಡೆ. ಅವನು ಬಿಡಲಿಲ್ಲ. ದಿನವಿಡೀ ಮನೆಯಲ್ಲಿ ಯಾರಿರುತ್ತಾರೆ? ಹೊರಗೆ ಆಡಲು ಬಿಡುತ್ತೀರೋ, ಕಟ್ಟಿಯೇ ಹಾಕುತ್ತೀರೋ? ಸಿಟ್ಟು ಬಂದರೆ ಹೊಡೆಯುವವರು ಯಾರು? ಈ ಕೊನೆಯ ಮಾತಿಗೆ ಯಜಮಾನರು ಕೆಂಪಗಾದರು.

"ಏನಪಾ, ಮರಿ ಕೊಡ್ಲಿಕ್ಕೆ ಬಂದೀದಿಯೋ, ಪೊಲೀಸ್ ಚೌಕಶಿ ಮಾಡ್ಲಿಕ್ಕೆ ಬಂದೀದಿಯೋ?"

"ತಪ್ಪು ತಿಳ್ಕೊಬ್ಯಾಡ್ರಿ ಸಾವಕಾರ್ರ," ಎಂದ ಅಣವೀರ. "ನನ್ನ ಕೈಯಾಗ ಹುಟ್ಟ್ಯಾದ ಅದು. ಕೊಟ್ಟ ಮ್ಯಾಲ ನನ್ನ ಮುಂದ ಬಂದು ಹೇಳ್ಲಿಕ್ಕೆ ಅದಕ್ಕ ಬಾಯಿಲ್ಲ. ಅದಕ್ಕೇ ಮೊದಲೇ ನಾ ಕೇಳಬೇಕಾಗ್ತದ. ಇನ್ನೊಂದು ಮಾತು. ನಿಮ್ಮ ಮನಿ ಅದಕ್ಕ ಒಗ್ಗಲಿಲ್ಲಂದ್ರ ನನಗ ಫೋನ್ ಹಚ್ರಿ. ಎಷ್ಟು ವರ್ಷ ಆಗಿರ್ಲಿ, ನಾ ಬಂದು ಕರ್ಕೊಂಡು ಹೋಗ್ತೀನಿ. ನನ್ನ ಮನ್ಯಾಗ ಅದಕ್ಕ ಜಾಗಾ ಇದ್ದೇ ಇರ್ತದ."

ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳುತ್ತಿದ್ದ ಶೈಲಶ್ರೀ ಆಗ ಬಾಯಿ ತೆರೆದಳು. ಊರಿನ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು, ಆ ಕೆಲಸವೆಂದರೆ ಪ್ರಾಣ. ಮನೆಯಲ್ಲಿ ಮಾತ್ರ ಮಾತು ಕಡಿಮೆ.

"ಅಪ್ಪಾ, ನೀ ಸೇಡಮಕ್ಕ ಮನಿ ನೋಡ್ಲಿಕ್ಕೆ ಹೋದಾಗ ಇದೆಲ್ಲಾ ಕೇಳಿದ್ದೇನು?"

"ಏನು?"

"ದಿನಾ ಮನ್ಯಾಗ ಯಾರಿರ್ತಾರ. ಸಿಟ್ಟು ಬಂದ್ರ ಯಾರು ಕೈ ಎತ್ತತಾರ. ಲಗ್ನ ಆದ ಮ್ಯಾಲ ನನಗ ಸಾಲಿಗಿ ಹೋಗಿ ಕಲಿಸ್ಲಿಕ್ಕೆ ಬಿಡ್ತಾರೋ ಇಲ್ಲೋ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ದೊಡ್ಡ ಮನಿ ಅದವ್ವ. ಎರಡು ಅಂತಸ್ತು. ಟ್ರ್ಯಾಕ್ಟರ್ ಅದ, ಬೋರಿಗಿ ನೀರು ಭಾಳ ಅದ."

"ಅದಲ್ಲಪ್ಪಾ. ನನಗ ಅಲ್ಲಿ ಒಗ್ಗಲಿಲ್ಲಂದ್ರ? ನನಗ ಇಲ್ಲಿ ಜಾಗಾ ಅದೇನು?"

ಅಣವೀರ ತಲೆ ತಗ್ಗಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಬಂದಾಗಿನಿಂದ ಅಣವೀರನ ಮೇಲೆ ಕುದಿಯುತ್ತಿದ್ದ ಸಿಟ್ಟೆಲ್ಲ ಯಜಮಾನರ ಕಡೆ ತಿರುಗಿ ನಿಂತಿತು.

ಸೇಡಮಿನ ಮನೆ ನೋಡಲು ಹೋದದ್ದು ಗಂಡಸರಷ್ಟೇ. ಇವರು, ಇವರ ಅಣ್ಣ, ಸಂಬಂಧ ತಂದ ಮಧ್ಯಸ್ಥ. ನಾನೂ ಬರ್ತೀನಿ ಅಂದರೆ "ಹೆಂಗಸರದೇನು ಕೆಲಸ ಅಲ್ಲಿ" ಎಂದು ಬಿಟ್ಟುಹೋದರು. ಮಂಡಕ್ಕಿ ಸುಸಲಾ ತಿಂದು, ಮಿರ್ಚಿ ತಿಂದು, ಚಹಾ ಕುಡಿದು ಬಂದರು. ಬಂದವರು ಹೇಳಿದ್ದು ನೆಲದ ಟೈಲ್ಸ್ ಎಷ್ಟು ಥಳಥಳ ಅನ್ನುತ್ತವೆ ಎಂಬುದನ್ನು. ಅದಲ್ಲದೆ ಇವರು, "ಹುಡುಗಿ ಇನ್ನ ನಿಮ್ಮಾಕಿ. ನಮ್ಮ ಕಡಿಂದ ಒಂದು ತಕರಾರು ಬರಂಗಿಲ್ಲ ಅಂತ ಹೇಳಿ ಬಂದೀನಿ," ಎಂದು ದೊಡ್ಡ ಉಪಕಾರ ಮಾಡಿದವರ ಹಾಗೆ ಎದೆಯುಬ್ಬಿಸಿ ಹೇಳಿದ್ದರು.

ಗಂಡನ ಹೆಸರು ಬಾಯಲ್ಲಿ ತರಬಾರದು ಅನ್ನುತ್ತಾರೆ. ಅವತ್ತು ನಾನು ತಂದುಬಿಟ್ಟೆ.

"ಅಮೃತಪ್ಪಾ!" ಎಂದು ಕೂಗಿದೆ. ಇವರು ಬೆಚ್ಚಿಬಿದ್ದರು. "ನಾಯಿ ಕೊಡೋ ಮನುಷ್ಯಾ ಪರ್ಸಿ ಮುಟ್ಟಿ ನೋಡ್ದ, ತಗಡು ಮುಟ್ಟಿ ನೋಡ್ದ. ಮಗಳ್ನ ಕೊಡೋ ಮನ್ಯಾಗ ನೀವು ಏನು ಮುಟ್ಟಿ ನೋಡಿದ್ರಿ? ಸುಸಲಾ ಮುಟ್ಟಿ ನೋಡಿದ್ರಿ!"

"ಏ, ಹೊರಗಿನವರ ಮುಂದ..." ಎಂದು ಇವರು ದನಿ ತಗ್ಗಿಸಿದರು. "ಮಾತು ಕೊಟ್ಟಾಗ್ಯಾದ. ಈಗ ಕೇಳ್ಲಿಕ್ಕೆ ಹೋದ್ರ ಜನ ಏನಂತಾರ?"

"ಜನ ಬಂದು ಉಂಡು ಹೋಗ್ತಾರ. ಬಾಳೇ ಮಾಡಾಕಿ ಇಕಿ!"

ಅಣವೀರ ಮೆಲ್ಲಗೆ ಕೆಳಗಿಳಿದ. ಬಾಗಿಲವರೆಗೆ ನಾನೇ ಹೋದೆ. ಎಷ್ಟಾದರೂ ಬಂದ ಅತಿಥಿ. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಗೂಡು ಕೆಳಗ ತಂದು ನೆರಳಿಗಿಡ್ರಿ ಅಕ್ಕಾರ. ಮುಂದಿನ ವಾರ ಮರಿ ತರ್ತೀನಿ. ಈ ಮನ್ಯಾಗ ಕೇಳೋರು ಇದ್ದಾರ," ಎಂದು ಹೊರಟುಹೋದ. ನನಗೆ ಅವನ ಮೆಚ್ಚುಗೆ ಬೇಕಾಗಿರಲಿಲ್ಲ. ಆದರೂ ಅವನ ಬೈಕು ತಿರುವು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದೆ.

ಒಳಗೆ ಬಂದು ಮಗಳ ಕೈ ಹಿಡಿದುಕೊಂಡೆ. "ನಿನ್ನ ಜಾಗಾ ಎಲ್ಲೂ ಹೋಗಿಲ್ಲವ್ವ. ನಾ ಇರೂತನಾ ಹೋಗಂಗಿಲ್ಲ," ಎಂದೆ. ಎಷ್ಟು ದಿನದಿಂದ ಈ ಮಾತು ನುಂಗಿಕೊಂಡಿದ್ದಳೋ ಹುಡುಗಿ. ಆಗಲೇ ಸೇಡಮಿಗೆ ಫೋನ್ ಹಚ್ಚಿದೆ. ಹುಡುಗನ ತಾಯಿ ಮಹಾದೇವಮ್ಮ ಎತ್ತಿದರು.

"ಮಹಾದೇವಮ್ಮಾರ, ನಾ ಸುಲೇಪೇಟದ ಗುರುದೇವಿ. ನಾಳಿ ಶೈಲೂನ್ನ ಕರ್ಕೊಂಡು ನಿಮ್ಮ ಮನಿ ನೋಡ್ಲಿಕ್ಕೆ ಬರ್ಲಿಕತ್ತೀನಿ. ಒಂದೀಟು ಕೇಳೋದದ."

"ಮನಿ ನೋಡೋದು ಆಗ್ಯಾದಲ್ರಿ!" ಅವರ ದನಿ ಗಡುಸಾಯಿತು. "ಲಗ್ನಕ್ಕಿಂತ ಮೊದಲ ಹುಡುಗಿ ಬಂದು ಹೊಸ್ತಿಲಾ ತುಳಿಯೋದು ಯಾವ ಪದ್ಧತಿ? ನಮ್ಮ ಮ್ಯಾಲ ಸಂಶೆ ಅದೇನು?"

ಯಜಮಾನರು ಫೋನು ಕಸಿದುಕೊಳ್ಳಲು ಕೈ ಚಾಚಿದರು. ನಾನು ಕೊಡಲಿಲ್ಲ.

"ಮುಂಜಾನಿ ಬಸ್ಸಿಗಿ ಬರ್ತೀವ್ರಿ," ಎಂದೆ. "ಬಾಗಿಲಾ ತೆಗದ್ರ ಒಳಗ ಬಂದು ನೋಡ್ತೀವಿ. ತೆಗಿಲಿಲ್ಲಂದ್ರ, ಅಲ್ಲಿಗೇ ನೋಡಿದಂಗಾತು."