ಲೆಕ್ಕಕ್ಕೆ ಬಾರದ ತಿಂಗಳು

ದಾಳಿಂಬವೆಂಬ ಊರಿನ ರಂಭಾಬಾಯಿಗೆ ಅಲ್ಲಿನ ಬಸುರಿಯರ ತಿಂಗಳೆಲ್ಲ ಬಾಯಿಪಾಠ. ಯಾರಿಗೆ ಎಷ್ಟರಲ್ಲಿ ನಡೆದಿದೆ ಎಂದು ಬಸುರಿಗಿಂತ ಮೊದಲು ಆಕೆಯೇ ಸಾರಿಬಿಡುತ್ತಿದ್ದಳು. ಅಲ್ಲ ಎಂದವರ ಮನೆಯ ಕಡೆ ಆಮೇಲೆ ತಿರುಗಿಯೂ ನೋಡುತ್ತಿರಲಿಲ್ಲ. ಅಂಥವಳು ಎಡವಿದ್ದು ಸ್ವಂತ ಸೊಸೆಯ ಲೆಕ್ಕದಲ್ಲಿ.

ಸೊಸೆ ಚಂಪಾಬಾಯಿಗೆ ಅದು ಚೊಚ್ಚಲು, ಏಳರಲ್ಲಿ ನಡೆದಿದೆ ಎಂದು ಅತ್ತೆ ಸಾರಿಯಾಗಿತ್ತು. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಜೋಳದ ನಡುವೆ ಭಜ್ಜಿ, ಅಂಬಲಿ ಉಣ್ಣುವಾಗ ಅವಳ ಕಾಲುಂಗುರಗಳು ಮಾಂಸದಲ್ಲಿ ಹೂತುಹೋಗಿದ್ದವು. "ಬಸುರಾದಾಗ ಬಾವು ಬರೂದ ಅದು, ಏನಾಗಂಗಿಲ್ಲ" ಎಂದು ರಂಭಾಬಾಯಿ ಕೈ ಝಾಡಿಸಿದಳು. ಆದರೆ ಕೆಲವೇ ದಿನಗಳಲ್ಲಿ ಹುಡುಗಿಯ ಮುಖವೂ ಊದಿತು, ತಲೆ ಸಿಡಿಯತೊಡಗಿತು, ಕಣ್ಣೆದುರು ಕಿಡಿ ಹಾರಿದಂತಾಗತೊಡಗಿತು. ಹತ್ತಿರದ ಉಮರ್ಗಾದಲ್ಲಿ ಇದ್ದವರು ಗಂಡಸು ವೈದ್ಯರು. ಉದಗೀರಕ್ಕೆ ಹೆಣ್ಣು ಡಾಕ್ಟರು ಬಂದಿದ್ದಾರೆಂದು ಯಾರೋ ಹೇಳಿದ್ದೇ ತಡ, ಮಗ ಕಲ್ಯಾಣಪ್ಪ ಗಾಡಿಯಲ್ಲಿ ಮೇವು ಹರಡಿ, ಮೇಲೆ ಕೌದಿ ಹಾಸಿ, ಎತ್ತು ಹೂಡಿದ.

ನಿಲಂಗಾದಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಎದುರಿನ ಅಂಗಡಿಯಲ್ಲಿ ಅಕ್ಕಿಹಿಟ್ಟು, ಬೆಲ್ಲದ ಅನಾರಸ ಕರಿಯುತ್ತಿದ್ದರು.

"ಒಂದು ತಿಂತಿಯೇನ?" ಎಂದಳು ರಂಭಾಬಾಯಿ.

"ಬ್ಯಾಡ್ರಿ ಅತ್ತಿ. ಧೋಂಡಾದಾಗ ತವರಿನಿಂದ ಬಂದ ಅನಾರಸ ವಾಸನಿಗೇ ನಾ ವಾಂತಿ ಮಾಡ್ಕೊಂಡಿದ್ದಿಲ್ಲೇನ್ರಿ? ಆವಾಗಿಂದ ಅದರ ಹೆಸರೇ ಬ್ಯಾಡ."

ರಂಭಾಬಾಯಿ ಮತ್ತೊಮ್ಮೆ ಬೆರಳು ಮಡಚಿ ಎಣಿಸಿದಳು. ಆ ವರ್ಷ ಶ್ರಾವಣ ಎರಡು ಬಂದಿತ್ತು. ಮೊದಲನೆಯದು ಅಧಿಕ, ಆ ಸೀಮೆಯವರ ಬಾಯಲ್ಲಿ ಧೋಂಡಾ ತಿಂಗಳು. ಅಳಿಯನನ್ನು ಕರೆದು ಅನಾರಸ ಬಡಿಸುವುದೊಂದು ಬಿಟ್ಟರೆ ಅದರಲ್ಲಿ ಮದುವೆಯಿಲ್ಲ, ಸೀಮಂತವಿಲ್ಲ, ಯಾವ ಶುಭವೂ ಇಲ್ಲ. ಮೊದಲು ಎಣಿಸುವಾಗ ಆಕೆ ಅದನ್ನು ಹಾರಿಸಿಯೇ ಬಿಟ್ಟಿದ್ದಳು. ಪಂಚಾಂಗದವರು ಬೇಡವೆಂದ ತಿಂಗಳಲ್ಲೂ ಹೊಟ್ಟೆಯೊಳಗಿನ ಕೂಸು ಸುಮ್ಮನೆ ಕೂತಿರುವುದಿಲ್ಲ ಎಂಬುದು ಆಕೆಗೆ ಹೊಳೆದಿರಲಿಲ್ಲ. ಹಾಗಾದರೆ ನಡೆದಿರುವುದು ಏಳಲ್ಲ, ಎಂಟು.

ಏಳರಲ್ಲಿ ಹುಟ್ಟಿದ ಕೂಸು ಬದುಕುತ್ತದೆ, ಎಂಟರದು ಬದುಕುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ರಂಭಾಬಾಯಿಗಂತೂ ಅದು ಬರೀ ನಂಬಿಕೆಯಲ್ಲ. ಆಕೆಯ ಮೊದಲ ಕೂಸು ಎಂಟರಲ್ಲಿ ಹುಟ್ಟಿತ್ತು. ಅತ್ತಿತ್ತು ಕೂಡ. ಹೇಗಿದ್ದರೂ ಹೋಗುವ ಜೀವ ಎಂದು ಯಾರೂ ಎದೆಗೆ ಹಚ್ಚಿಕೊಳ್ಳಲಿಲ್ಲ, ಮೊರದಲ್ಲಿ ಮಲಗಿಸಿ ಬಿಟ್ಟರು. ಅಳು ನಿಲ್ಲುವ ತನಕ ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉದಗೀರದ ಕೋಟೆ ಕಾಣುವಷ್ಟರಲ್ಲಿ ಆಕೆ ಗಟ್ಟಿ ಮಾಡಿಕೊಂಡಳು: ಯಾರು ಕೇಳಿದರೂ ಏಳು ಎನ್ನುವುದು. ಎಂಟು ಎಂದರೆ ಡಾಕ್ಟರೂ ಕೈಬಿಟ್ಟಾರು.

ಡಾಕ್ಟರು ಕುಸುಮಬಾಯಿ ಪುಣೆಯ ಕಡೆಯವರು. ಉದಗೀರಕ್ಕೆ ಬಂದ ಮೇಲೆ ಕನ್ನಡ ಕಲಿತು ಅಲ್ಲಿಯವರ ಹಾಗೆಯೇ ಮಾತಾಡುತ್ತಿದ್ದರು, ಅಲ್ಲಿಯವರ ಹಾಗೆಯೇ ಗದರುತ್ತಿದ್ದರು. ಚಂಪಾಬಾಯಿಯ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು ದೀಪದ ಮೇಲೆ ಕಾಸಿದರು. ಅದು ಒಡೆದ ಹಾಲಿನಂತೆ ಗಟ್ಟಿಯಾಯಿತು. ಕುಸುಮಬಾಯಿ ತುಟಿ ಕಚ್ಚಿ, ಹೊಟ್ಟೆ ಮುಟ್ಟಿ ನೋಡಿದರು.

"ಎಷ್ಟರಾಗ ನಡದದ?"

"ಏಳ್ರಿ, ಬಾಯಿಸಾಹೇಬ."

ಡಾಕ್ಟರ ಮುಖ ಇಳಿಯಿತು. "ಕೈಗಿ ಕೂಸು ದೊಡ್ಡದ ಹತ್ತತದ. ಆದ್ರ ಇಷ್ಟು ಬಾವಿನಾಗ ಕೈ ನಂಬಾಕ ಬರಂಗಿಲ್ಲ. ಏಳಂದ್ರ ಇನ್ನಾ ಹಸೀ ಕೂಸು, ಉಸರಾಡೋ ಶಕ್ತಿ ಬಂದಿರಂಗಿಲ್ಲ. ಇವತ್ತ ಹೆರಸಿದ್ರ ಅದು ಹೋಗ್ತದ. ಕಾಯ್ದ್ರ ಈಕಿಗಿ ಮೈ ಸೆಟದು ಝಟಕಾ ಬಂದು ಈಕಿನೇ ಹೋಗಬಹುದು. ನಾ ಏನ್ ಮಾಡ್ಲಿ ಹೇಳ್ರಿ?"

ರಂಭಾಬಾಯಿ ಕಕ್ಕಾಬಿಕ್ಕಿಯಾದಳು. "ಏಳರದು ಉಳಿತದಲ್ರಿ! ಎಂಟರದೇ ಉಳಿಯಂಗಿಲ್ಲ."

"ಏನ್ ಉಲ್ಟಾ ಮಾತ್ರೀ ಇದು! ಹೊಲ ಮಾಡೋ ಮಂದಿ ನೀವು. ತೆನಿ ಇನ್ನೊಂದು ತಿಂಗಳು ಹೆಚ್ಚಿಗಿ ನಿಂತ್ರ ಕಾಳು ಬಲೀತದೋ, ಜೊಳ್ಳಾಗ್ತದೋ? ಒಳಗ ಇದ್ದಷ್ಟೂ ಕೂಸು ಗಟ್ಟಿ. ಎಂಟರದು ಸಾಯ್ತದಂದು ನೀವೇ ಕೈಬಿಡ್ತೀರಿ, ಅದಕ್ಕ ಸಾಯ್ತದ."

ಆ ಕೊನೆಯ ಮಾತು ರಂಭಾಬಾಯಿಯ ಕರುಳಿಗೆ ನೆಟ್ಟಿತು. ಆ ಮೊರ, ಆ ಅಳು ನೆನಪಾದವು. ತನ್ನ ಲೆಕ್ಕ ತಪ್ಪೆಂದು ಹುಟ್ಟಿದಾಗಿನಿಂದ ಒಪ್ಪಿದವಳಲ್ಲ. ಈಗ ಸೊಸೆಯ ಎದುರೇ ಒಪ್ಪಿದಳು.

"ಎಂಟ್ರಿ ಬಾಯಿಸಾಹೇಬ. ಧೋಂಡಾ ತಿಂಗಳು ನಾ ಹಿಡದಿದ್ದಿಲ್ಲ. ದಾರ್ಯಾಗ ತಿಳೀತು, ಅಂಜಿ ಸುಳ್ಳ ಹೇಳ್ದೆ."

"ನನಗ ಧೈರ್ಯ ಬರ್ಲಂತ ಹೇಳ್ಲಿಕತ್ತೀರೇನು? ಇದರ ಮ್ಯಾಲ ಎರಡು ಜೀವ ನಿಂತಾವ."

"ಮೊರದಾಗ ಹೋದ ನನ್ನ ಕೂಸಿನ ಆಣಿ ಅದರಿ. ಎಂಟು."

ಹಾಸಿಗೆಯ ಮೇಲಿಂದ ಚಂಪಾಬಾಯಿ, "ಖರೇ ಅದರಿ. ಧೋಂಡಾದಾಗೇ ನನಗ ವಾಂತಿ ಇತ್ತು" ಎಂದಳು. ಕುಸುಮಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಹಂಗಾದ್ರ ಎರಡೂ ಜೀವ ಉಳಿಸೋಣ. ಇವತ್ತೇ ಶುರು. ನೀರು ಕಾಯಿಸ್ರಿ!"

ಡಾಕ್ಟರು ಗರ್ಭದ ನೀರಿನ ಚೀಲ ಒಡೆದು ಬೇನೆ ಬರಿಸಿದರು. ಮರುದಿನ ಬಿಸಿಲೇರಿದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಅಂಗೈಯಗಲದ ಬೆನ್ನು, ನೆರಿಗೆ ಬಿದ್ದ ಮುಖ. ಅಳಲಿಲ್ಲ. ಕುಸುಮಬಾಯಿ ಅದರ ಬಾಯಿ ಒರೆಸಿದರು, ಬೆನ್ನು ತಿಕ್ಕಿದರು, ಬಾಯಿಗೆ ಬಾಯಿಟ್ಟು ಊದಿದರು. ಅಷ್ಟರಲ್ಲಿ ಕೂಸು ಒಮ್ಮೆ ಸೀನಿ, ಸಿಟ್ಟಿಗೆದ್ದವರ ಹಾಗೆ ಕಿರುಚಿತು. ಹೊರಗೆ ಎತ್ತಿನ ಹತ್ತಿರ ಕೂತಿದ್ದ ಕಲ್ಯಾಣಪ್ಪ ಬಾಗಿಲ ತನಕ ಓಡಿಬಂದ.

"ತಗೋರಿ, ರವಿಕಿ ಬಿಚ್ಚಿ ಎದಿಗಿ ಹಚ್ಕೋರಿ" ಎಂದರು ಡಾಕ್ಟರು. "ತಾಯಿಗಿ ಶಕ್ತಿ ಬರೋ ತನಕ ನಿಮ್ಮ ಮೈ ಕಾವೇ ಇದಕ್ಕ ಔಷಧ. ಕೆಳಗ ಇಟ್ಟೀರಿ ಅಂದ್ರ ನೋಡ್ರಿ!"

ರಂಭಾಬಾಯಿ ಕೆಳಗಿಡಲಿಲ್ಲ. ಮೇಲೆ ಅರಳೆ ಹೊದಿಸಿದ ಜೀವವನ್ನು ಎದೆಗೊತ್ತಿಕೊಂಡು ಕೂತೇ ಉಂಡಳು, ಕೂತೇ ತೂಕಡಿಸಿದಳು. ಬತ್ತಿಯಲ್ಲಿ ತಾಯಿಯ ಹಾಲು ಅದ್ದಿ ಬಾಯಿಗೆ ಹಿಂಡಿದಳು. ಚಂಪಾಬಾಯಿಯ ಬಾವು ಇಳಿಯಿತು, ಝಟಕಾ ಹತ್ತಿರ ಸುಳಿಯಲಿಲ್ಲ. ಹೋಳಿ ಕಳೆದ ಮೇಲೆ ಮೂವರೂ ಅದೇ ಗಾಡಿಯಲ್ಲಿ ದಾಳಿಂಬಕ್ಕೆ ಬಂದಿಳಿದರು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ನೆರೆದರು. ಅವರಲ್ಲೊಬ್ಬಳು ತುಳಜಾಬಾಯಿ ಗಲ್ಲಕ್ಕೆ ಕೈ ಹಚ್ಚಿ, "ಏಳರಾಗಿಂದಲ್ರಿ ಅಕ್ಕಾ, ಅದಕ್ಕ ಉಳೀತು. ನಿಮ್ಮ ಲೆಕ್ಕ ಎಂದ ತಪ್ಪ್ಯಾದ?" ಎಂದಳು. ಹೂಂ ಎಂದಿದ್ದರೆ ರಂಭಾಬಾಯಿಯ ಮಾನ ಉಳಿಯುತ್ತಿತ್ತು.

"ತಪ್ಪ್ಯಾದವಾ, ತಪ್ಪ್ಯಾದ!" ಎಂದಳು ಆಕೆ, ಅಂಗಳದಾಚೆಗೂ ಕೇಳುವಂತೆ. "ಇದು ಎಂಟರದು! ಎಂಟರದು ಉಳೀತದ! ಕಣ್ಣು ಬಿಟ್ಟು ನೋಡ್ರಿ ಎಲ್ಲಾರೂ."

ಮೂಲೆಯಲ್ಲಿ ಪಕ್ಕದ ಮನೆಯ ಸೊಸೆ ಮಲಕಮ್ಮ ಕೂತಿದ್ದಳು. ಅವಳಿಗೆ ಎಂಟು ಆಗಷ್ಟೇ ಹತ್ತಿತ್ತು. ಹೊಟ್ಟೆ ಹಿಡಿದುಕೊಂಡು ಎದ್ದು ತೊಟ್ಟಿಲ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಖರೇನ ಅತ್ತಿ?"

ರಂಭಾಬಾಯಿ ಮೊಮ್ಮಗಳನ್ನೆತ್ತಿ ಅವಳ ಕೈಗೆ ಕೊಟ್ಟಳು. ಕೂಸು ಕಾಲು ಝಾಡಿಸಿ ಅವಳ ಹೊಟ್ಟೆಗೇ ಒದೆಯಿತು.

"ಅಯ್ಯ, ಭಾರ ಅದರಿ!" ಎಂದಳು ಮಲಕಮ್ಮ. ಅಳುತ್ತಿದ್ದಳು, ನಗುತ್ತಿದ್ದಳು, ಕೂಸನ್ನು ಮಾತ್ರ ಕೊಡಲೊಲ್ಲಳು.